ಸೇಂಟ್ ಆಂಗರ್: ಪೂರ್ತಿ ಕೇಳೋಕೂ ಆಗಲ್ಲ, ಬಿಡೋಕೂ ಆಗಲ್ಲ

ಹಳೇ ವಾಕ್‌ಮನ್

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನನ್ನ ಅಚ್ಚುಮೆಚ್ಚಿನ ಬ್ಯಾಂಡ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಹೈಸ್ಕೂಲು ಓದುವಾಗ ದೊಡ್ಡಮ್ಮನ ಮಗ ಬೆಂಗಳೂರಿಂದ 'ಮಾಸ್ಟರ್ ಆಫ್ ಪಪೆಟ್ಸ್' ಕ್ಯಾಸೆಟ್ ತಂದುಕೊಟ್ಟಿದ್ದ. ಹುಚ್ಚು ಅಲ್ಲಿಂದಲೇ ಶುರು. ಟೇಪು ಸವೆದು ಸವೆದು ಕೊನೆಗೆ ಹಾಡೆಲ್ಲ ನೀರೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಆದರೂ ಅದನ್ನೇ ಹಾಕುತ್ತಿದ್ದೆ.

2003ರ ಜೂನ್‌ನಲ್ಲಿ 'ಸೇಂಟ್ ಆಂಗರ್' ಬಂತು. ಅವರ ಸ್ವಂತ ಹೊಸ ಹಾಡುಗಳ ಆಲ್ಬಮ್ ಬಂದು ಐದು ವರ್ಷ ದಾಟಿತ್ತು. ಕ್ಯಾಸೆಟ್ ಕೊಂಡು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕವರ್ ನೋಡುತ್ತಾ ಬಂದೆ. ಹಗ್ಗದಲ್ಲಿ ಬಿಗಿದ ಒಂದು ಮುಷ್ಟಿ. ಮನೆಗೆ ಬಂದು ಕೈಕಾಲು ತೊಳೆಯದೆ ಟೇಪ್ ರೆಕಾರ್ಡರಿಗೆ ಹಾಕಿದೆ. ಮೊದಲ ಹಾಡು 'ಫ್ರ್ಯಾಂಟಿಕ್'. ಡ್ರಮ್ಮು ಬಂತು ನೋಡಿ: ಟಂಗ್, ಟಂಗ್, ಟಂಗ್.

ಟೇಪು ಓದುವ ಹೆಡ್ಡು ಕೊಳೆಯಾಗಿದೆ ಅಂದುಕೊಂಡೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಅದೇ ಸದ್ದು. ಕ್ಯಾಸೆಟ್ಟೇ ಹಾಳಿರಬೇಕು ಅಂತ ಸೈಕಲ್ ಹತ್ತಿ ಗೆಳೆಯನ ಮನೆಗೆ ಹೋದೆ. ಅವರ ಮನೆಯ ದೊಡ್ಡ ಸೆಟ್ಟಿನಲ್ಲಿ ಆ ಟಂಗ್ ಇನ್ನೂ ಜೋರಾಗಿ ಕೇಳಿಸಿತು. ಇಬ್ಬರೂ ಒಂದು ಸೈಡ್ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಅವನು "ಇನ್ನೊಂದು ಸೈಡ್ ಚೆನ್ನಾಗಿರಬಹುದು" ಅಂದ.

ಹನ್ನೊಂದು ಹಾಡು, 75 ನಿಮಿಷ. ಅತಿ ಚಿಕ್ಕ ಹಾಡು 'ಪ್ಯೂರಿಫೈ', ಅದೂ ಐದು ನಿಮಿಷ ದಾಟುತ್ತದೆ. ಕರ್ಕ್ ಹ್ಯಾಮೆಟ್ ಅಂಥ ಗಿಟಾರಿಸ್ಟ್ ಇದ್ದೂ ಒಂದೇ ಒಂದು ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಇಲ್ಲ. ಆದರೆ ನಾನು ಇಷ್ಟು ವರ್ಷ ಆದರೂ ಇದನ್ನು ಬಿಟ್ಟಿಲ್ಲ. ವರ್ಷಕ್ಕೆ ಎರಡು ಮೂರು ಸಲ ಹಾಕುತ್ತೇನೆ, ಅರ್ಧಕ್ಕೆ ನಿಲ್ಲಿಸುತ್ತೇನೆ, ಬೇಜಾರಾಗುತ್ತದೆ, ಮತ್ತೆ ಹಾಕುತ್ತೇನೆ. ಕೆಟ್ಟ ಆಲ್ಬಮ್ ಅಂದರೆ ಸುಮ್ನೆ ಮರೆತುಬಿಡುತ್ತಿದ್ದೆ. ಇದು ಹಾಗಲ್ಲ. ನಿಮಗೂ ಹೀಗೇ ಆಗುತ್ತದಾ?

ಡಬಲ್ ಪೆಡಲ್

ಅಣ್ಣಾ, ನೀವು ಹೆಡ್ಡು ಒರೆಸಿದ್ದನ್ನು ಓದಿ ನೇರವಾಗಿ ನನ್ನ ಡ್ರಮ್ ಕಿಟ್ ಮುಂದೆ ಹೋಗಿ ಕೂತೆ. ಡ್ರಮ್ ಬಾರಿಸದವರಿಗೆ ಆ ಸದ್ದು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಸ್ನೇರ್ ಡ್ರಮ್ಮಿಗೆ ಮೇಲೊಂದು ಚರ್ಮ, ಕೆಳಗೊಂದು ಚರ್ಮ. ಈಗ ಎರಡೂ ಪ್ಲಾಸ್ಟಿಕ್ಕೇ, ಆದರೂ ನಾವು ಚರ್ಮ ಅಂತಲೇ ಅನ್ನುತ್ತೇವೆ. ಕೆಳಗಿನ ಚರ್ಮಕ್ಕೆ ಅಡ್ಡಲಾಗಿ ಸುರುಳಿ ಸುತ್ತಿದ ಸಣ್ಣ ತಂತಿಗಳ ಒಂದು ಪಟ್ಟಿ ಇರುತ್ತದೆ. ಪಕ್ಕದಲ್ಲಿ ಬೆರಳುದ್ದದ ಒಂದು ಲಿವರ್. ಅದನ್ನು ಎತ್ತಿದರೆ ತಂತಿ ಚರ್ಮಕ್ಕೆ ಒತ್ತಿಕೊಳ್ಳುತ್ತದೆ, ಹೊಡೆದ ಪೆಟ್ಟು 'ಛಟ್' ಅಂತ ಚುರುಕಾಗಿ ಬಂದು ನಿಲ್ಲುತ್ತದೆ. ಇಳಿಸಿದರೆ ತಂತಿ ಜೋತು ಬೀಳುತ್ತದೆ, ಪೆಟ್ಟು 'ಟಂಗ್' ಅಂತ ಗುಂಯ್‌ಗುಡುತ್ತಾ ಉಳಿಯುತ್ತದೆ. ಮೆರವಣಿಗೆಯ ಬ್ಯಾಂಡ್ ಸೆಟ್ಟಿನವರ ಸೈಡ್ ಡ್ರಮ್ಮಿನ ಅಡಿಗೂ ಇದೇ ತಂತಿ ಇರುತ್ತದೆ. ಅವರು ಬಾರಿಸುವಾಗ 'ಛರ್ರ್' ಅಂತ ಉರುಳುವುದು ಅದರಿಂದಲೇ.

ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಒಂದು ದಿನ ಆ ತಂತಿ ಹಾಕುವುದನ್ನು ಮರೆತರು. ರೆಕಾರ್ಡ್ ಆದದ್ದನ್ನು ಕೇಳಿದಾಗ ಅದೇ ಇಷ್ಟವಾಯಿತು. ಇಡೀ ಆಲ್ಬಮ್ಮಿಗೆ ಅದನ್ನೇ ಉಳಿಸಿಕೊಂಡರು. ಇವತ್ತಿಗೂ ಆ ಸದ್ದನ್ನು ಅವರು ಬಿಟ್ಟುಕೊಟ್ಟಿಲ್ಲ.

ನಾನು ನಿನ್ನೆ ಲಿವರ್ ಇಳಿಸಿ ಬಾರಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಿಧಾನದ ಗತಿಗೆ ನಿಜವಾಗಲೂ ಚೆನ್ನಾಗಿತ್ತು. ಖಾಲಿ ಶೆಡ್ಡಿನಲ್ಲಿ ಕೂತು ಬಾರಿಸಿದ ಹಾಗೆ. ವೇಗ ಹೆಚ್ಚಿಸಿದ ತಕ್ಷಣ ಕೆಟ್ಟಿತು. ಒಂದು ಪೆಟ್ಟಿನ ಗುಂಯ್ ಮುಗಿಯುವ ಮೊದಲೇ ಮುಂದಿನ ಪೆಟ್ಟು ಬಂದು ಕೂರುತ್ತದೆ. ಆಗ ಕಿವಿಗೆ ತಾಳ ಸಿಗುವುದಿಲ್ಲ, ಬರೀ ಲೋಹ ಸಿಗುತ್ತದೆ. ಈ ಆಲ್ಬಮ್ಮಿನಲ್ಲಿ ವೇಗದ ಜಾಗಗಳೇ ಜಾಸ್ತಿ. ನನ್ನ ಪ್ರಕಾರ ಸದ್ದು ತಪ್ಪಲ್ಲ. ಅದನ್ನು 75 ನಿಮಿಷವೂ ಒಂದೇ ಥರ ಇಟ್ಟದ್ದು ತಪ್ಪು.

ಮಲೆನಾಡ್ ಮೆಟಲ್

ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಇದು ದುರ್ಬಲ ಆಲ್ಬಮ್. ಅಮೆರಿಕದಲ್ಲಿ ಬಂದ ವಾರವೇ ಒಂದನೇ ಸ್ಥಾನಕ್ಕೆ ಏರಿತು, ಅದೇ ಹೆಸರಿನ ಹಾಡಿಗೆ 2004ರಲ್ಲಿ ಗ್ರ್ಯಾಮಿ ಬಂತು, ಎಲ್ಲ ಗೊತ್ತು. ಆದರೆ ಇದೇ ಹನ್ನೊಂದು ಹಾಡನ್ನು ಹೆಸರಿಲ್ಲದ ಒಂದು ಬ್ಯಾಂಡ್ ತಂದಿದ್ದರೆ ನಾವು ಯಾರೂ ಇಷ್ಟು ವರ್ಷ ಆದಮೇಲೆ ಕೂತು ಮಾತಾಡುತ್ತಿರಲಿಲ್ಲ.

2011ರ ಅಕ್ಟೋಬರ್ 30, ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಮೆಟಾಲಿಕಾ ಕಾರ್ಯಕ್ರಮ. ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿದ್ದೆ. ಎರಡು ದಿನ ಮೊದಲು ದೆಹಲಿ ಹತ್ತಿರದ ಗುರುಗ್ರಾಮದ ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ರದ್ದಾಗಿತ್ತು. ಇಲ್ಲೂ ಹಾಗಾದರೆ ಏನು ಗತಿ ಅಂತ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಅವರು ಬಂದರು, ಆಡಿದರು. 'ಮಾಸ್ಟರ್ ಆಫ್ ಪಪೆಟ್ಸ್'ಗೆ ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹುಡುಗನ ಹೆಗಲ ಮೇಲೆ ಕೈ ಹಾಕಿ ಕೂಗಿದ್ದೆ. ಆ ರಾತ್ರಿ 'ಸೇಂಟ್ ಆಂಗರ್'ನ ಒಂದು ಹಾಡೂ ಬರಲಿಲ್ಲ. ಒಬ್ಬರೂ ಕೇಳಲೂ ಇಲ್ಲ. ನನಗೆ ಅದೇ ಉತ್ತರ.

ಆರನೇ ತಂತಿ

ಡ್ರಮ್ಮಿನ ವಿಷಯವನ್ನೇ ಎಲ್ಲರೂ ಹಿಡಿದುಕೊಳ್ಳುತ್ತಾರೆ. ಗಿಟಾರಿನ ಕಡೆಯಿಂದ ನನ್ನದು ಎರಡು ಮಾತು.

ರಿಫ್‌ಗಳು, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು, ಕೆಟ್ಟದಾಗಿಲ್ಲ. ಗಿಟಾರಿನ ಶ್ರುತಿ ತಗ್ಗಿಸಿ 'ಡರ್ಟಿ ವಿಂಡೋ' ನುಡಿಸಿ ನೋಡಿ. ಕೈಗೆ ಎಷ್ಟು ಖುಷಿ ಕೊಡುತ್ತದೆ! 'ಸಮ್ ಕೈಂಡ್ ಆಫ್ ಮಾನ್‌ಸ್ಟರ್'ನ ಮುಖ್ಯ ರಿಫ್ ನಾನು ಇವತ್ತಿಗೂ ಗಿಟಾರ್ ಎತ್ತಿಕೊಂಡಾಗ ಮೊದಲು ನುಡಿಸುವವುಗಳಲ್ಲಿ ಒಂದು. ತೊಂದರೆ ಏನಂದರೆ ಆ ರಿಫ್ ಎಲ್ಲಿಗೂ ಹೋಗುವುದಿಲ್ಲ. ಹಳೇ ಹಾಡುಗಳಲ್ಲಿ ಸೋಲೋ ಬರುವ ಹೊತ್ತಿಗೆ ಹಾಡು ಬೆಟ್ಟ ಹತ್ತಿ ನಿಂತಿರುತ್ತಿತ್ತು. ಅಲ್ಲಿಂದ ಕೆಳಗೆ ನೋಡುವುದೇ ಸೋಲೋ. ಇಲ್ಲಿ ಹತ್ತುವುದೇ ಇಲ್ಲ, ಬಯಲಲ್ಲಿ ಸುತ್ತುತ್ತಾ ಇರುತ್ತದೆ.

ಈ ಆಲ್ಬಮ್ ಮಾಡುವಾಗ ತೆಗೆದ, ಆ ಹಾಡಿನದ್ದೇ ಹೆಸರಿನ ಸಾಕ್ಷ್ಯಚಿತ್ರದಲ್ಲಿ ಕರ್ಕ್ ಈ ಮಾತಿಗೇ ವಾದ ಮಾಡುತ್ತಾರೆ. ಆ ಕಾಲದ ಫ್ಯಾಷನ್ ಅಂತ ಸೋಲೋ ಬಿಟ್ಟರೆ ಆಲ್ಬಮ್ಮಿಗೆ ಆ ಕಾಲದ ಮುದ್ರೆ ಬಿದ್ದುಬಿಡುತ್ತದೆ ಅನ್ನುತ್ತಾರೆ. ಅವರು ಹೇಳಿದ್ದೇ ಆಯಿತು. 'ಮಾಸ್ಟರ್' 1986ರದ್ದು ಅಂತ ಗೊತ್ತಾಗುವುದಿಲ್ಲ. ಇದು 2003ರದ್ದು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ದೃಶ್ಯದಲ್ಲಿ ಕರ್ಕ್ ದನಿ ಏರಿಸುವುದಿಲ್ಲ. ಅಷ್ಟು ವರ್ಷ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಇಬ್ಬರ ನಡುವೆ ಸಮಾಧಾನ ಮಾಡಿಸುತ್ತಾ ಬಂದ ಮನುಷ್ಯ, ತನಗಾಗಿ ಕೇಳಿದ್ದು ಅಷ್ಟೇ. ಅದೂ ಸಿಗಲಿಲ್ಲ. ನನಗೆ ಆಲ್ಬಮ್ಮಿಗಿಂತ ಆ ದೃಶ್ಯ ನೋಡಿ ಜಾಸ್ತಿ ಸಂಕಟವಾಯಿತು.

ಪಣಂಬೂರು ಅಲೆ

ನಾನು ಸೌಂಡ್ ಮಿಕ್ಸಿಂಗ್ ಮಾಡುವವಳು. ನನ್ನ ಕೆಲಸದ ಕಣ್ಣಿನಿಂದ ಒಂದು ವಿಷಯ ಹೇಳಲೇಬೇಕು. ಈ ಆಲ್ಬಮ್ಮಿನ ನಿರ್ಮಾಪಕ ಬಾಬ್ ರಾಕ್. 1991ರ ಕಪ್ಪು ಕವರಿನ ಆಲ್ಬಮ್ ಮಾಡಿದವರೂ ಅವರೇ. ಅದರ ಡ್ರಮ್ ಸದ್ದನ್ನು ನಾವು ಇವತ್ತಿಗೂ ಮಾದರಿಯಾಗಿ ಇಟ್ಟುಕೊಂಡು ಕೇಳುತ್ತೇವೆ. ಅಂದರೆ ಇವರಿಗೆ ಒಳ್ಳೆಯ ಡ್ರಮ್ ಸದ್ದು ಹೇಗೆ ತೆಗೆಯುವುದು ಅಂತ ಗೊತ್ತಿರಲಿಲ್ಲ ಅನ್ನುವ ಮಾತೇ ಇಲ್ಲ. ಗ್ಯಾರೇಜಿನಲ್ಲಿ ನಾಲ್ಕು ಜನ ಸೇರಿ ಆಡಿದ ಹಾಗೆ ಇರಲಿ ಅಂತ ಬೇಕೆಂದೇ ಮಾಡಿದ್ದು.

ಆದರೆ ಗ್ಯಾರೇಜಿನಲ್ಲಿ ಆಡಿದ್ದನ್ನು ಹಾಗೇ ಕೊಟ್ಟಿಲ್ಲ. ಗಂಟೆಗಟ್ಟಲೆ ಆಡಿದ್ದರಿಂದ ತುಂಡು ತುಂಡು ಆರಿಸಿ ಕಂಪ್ಯೂಟರಿನಲ್ಲಿ ಪ್ರೊ ಟೂಲ್ಸ್ ಹಾಕಿ ಹೊಲಿದಿದ್ದಾರೆ. ಅದಕ್ಕೇ ಹಾಡುಗಳು ಇಷ್ಟು ಉದ್ದ. ಪ್ರತಿ ತುಂಡೂ ಚೆನ್ನಾಗಿಯೇ ಇರುತ್ತದೆ, ಯಾವುದನ್ನು ಬಿಡುವುದು ಅಂತ ಮನಸ್ಸು ಬರುವುದಿಲ್ಲ. ನಾನೂ ಎಷ್ಟೋ ಸಲ ಹಾಗೆ ಸಿಕ್ಕಿಕೊಂಡಿದ್ದೇನೆ. ಒಳ್ಳೆಯ ತುಂಡನ್ನು ಅಳಿಸಲು ಕೈ ನಡುಗುತ್ತದೆ. ಎದುರಿಗೆ ಒಬ್ಬರು "ಸಾಕು, ಇದು ಬೇಡ" ಅನ್ನಬೇಕು. ಆ ಹೊತ್ತಿನಲ್ಲಿ ಅಲ್ಲಿ ಅದನ್ನು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ ಅನ್ನಿಸುತ್ತದೆ.

ಸಾಕ್ಷ್ಯಚಿತ್ರದಲ್ಲಿ ಲಾರ್ಸ್ ಅವರ ಅಪ್ಪ, ಉದ್ದ ಗಡ್ಡದ ಟೆನಿಸ್ ಆಟಗಾರ ಟಾರ್ಬೆನ್ ಉಲ್ರಿಕ್, ಒಂದು ರೆಕಾರ್ಡಿಂಗ್ ಕೇಳಿ ಇದನ್ನು ಅಳಿಸಿಬಿಡು ಅನ್ನುತ್ತಾರೆ. ಅಷ್ಟು ನೇರವಾಗಿ ಮಾತಾಡಿದವರು ಅವರೊಬ್ಬರೇ.

ಇನ್ನೊಂದು: ಈ ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ನುಡಿಸಿರುವುದೂ ಬಾಬ್ ರಾಕ್. ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲೇ ಬಿಟ್ಟು ಹೋಗಿದ್ದರು. ರಾಬರ್ಟ್ ಟ್ರುಹಿಯೊ ಸೇರಿದ್ದು 2003ರ ಫೆಬ್ರುವರಿಯಲ್ಲಿ. ಹೊರಗೆ ನಿಂತು ನೋಡಬೇಕಾದವರೇ ಒಳಗೆ ಬ್ಯಾಂಡಿನವರಾಗಿ ಕೂತಿದ್ದರು.

ನಾಲ್ಕು ವರ್ಷ

ಎಲ್ಲರ ಮಾತೂ ಓದಿದೆ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಹೆಸರಿನಲ್ಲಿರುವ ನಾಲ್ಕು ವರ್ಷ ಅಂದರೆ ನಾನು ಕುಡಿಯುವುದು ಬಿಟ್ಟು ನಾಲ್ಕು ವರ್ಷ. ಬಿಡಿಸುವ ಕೇಂದ್ರದಿಂದ ಹೊರಗೆ ಬಂದ ಮೊದಲ ತಿಂಗಳು ನಾನು ಕೇಳಿದ್ದು ಇದೊಂದೇ ಆಲ್ಬಮ್. ಮೊದಲು ನನಗೂ ಹಿಡಿಸಿರಲಿಲ್ಲ.

ಜೇಮ್ಸ್ ಹೆಟ್‌ಫೀಲ್ಡ್ 2001ರ ಜುಲೈನಲ್ಲಿ ಚಿಕಿತ್ಸೆಗೆ ಹೋದರು. ರೆಕಾರ್ಡಿಂಗ್ ಅರ್ಧಕ್ಕೆ ನಿಂತಿತು. ವಾಪಸ್ ಬಂದದ್ದು 2002ರ ಏಪ್ರಿಲ್‌ನಲ್ಲಿ. ಬಂದಮೇಲೆ ದಿನಕ್ಕೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕೆಲಸ. ನಾಲ್ಕಾದಮೇಲೆ ಅವರಿಲ್ಲದೆ ಉಳಿದವರು ಹಾಡು ಕೇಳುವುದೂ ಅವರಿಗೆ ಬೇಡವಾಗಿತ್ತು. ಸಿನಿಮಾ ನೋಡಿದ ಎಷ್ಟೋ ಜನ ಅದನ್ನು ಅಹಂಕಾರ ಅನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಹೊಸದಾಗಿ ಬಿಟ್ಟವನಿಗೆ ಗಡಿಯಾರವೇ ಊರುಗೋಲು. ಆರು ಗಂಟೆಗೆ ವಾಕಿಂಗ್, ಎಂಟಕ್ಕೆ ತಿಂಡಿ, ಸಂಜೆ ಏಳರಿಂದ ಒಂಬತ್ತು ಅಣ್ಣನ ಮನೆಯಲ್ಲೇ ಕೂತಿರಬೇಕು, ಹೊರಗೆ ಕಾಲಿಡಬಾರದು. ನನ್ನದೂ ಹಾಗೇ ಇತ್ತು. ಅದರಲ್ಲಿ ಹತ್ತು ನಿಮಿಷ ಆಚೀಚೆ ಆದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ ಅಂತ ಈ ಹಾಡುಗಳನ್ನು ಬೈಯುತ್ತಾರೆ. ಆ ತಿಂಗಳು ನನ್ನ ತಲೆಯಲ್ಲಿ ಒಂದೇ ಮಾತು ದಿನಕ್ಕೆ ನೂರು ಸಲ ಬರುತ್ತಿತ್ತು. ಬೇರೆ ಯಾವ ಹಾಡೂ ಆ ಥರ ಇರಲಿಲ್ಲ. ಬೇರೆಯವೆಲ್ಲ ಮುಗಿದ ಕಥೆ ಹೇಳುತ್ತಿದ್ದವು. ಇದು ಮುಗಿಯದೆ ಇದ್ದವನು ಹಾಡಿದ್ದು. ದನಿ ಅಲ್ಲಲ್ಲಿ ಸ್ವರ ತಪ್ಪುತ್ತದೆ. ಅದನ್ನು ಸರಿ ಮಾಡದೆ ಬಿಟ್ಟಿದ್ದಾರೆ. ನಾನು ಅದಕ್ಕೆ ಋಣಿ.

ಮಲೆನಾಡ್ ಮೆಟಲ್

ಅಣ್ಣಾ, ನಿಮ್ಮ ನಾಲ್ಕು ವರ್ಷಕ್ಕೆ ಕೈ ಮುಗಿಯುತ್ತೇನೆ. ಮೊದಲು ಬರೆಯುವಾಗ ಹೀಗೆ ಕೇಳಿಸಿಕೊಂಡವರು ಇರುತ್ತಾರೆ ಅಂತ ನನಗೆ ಹೊಳೆಯಲಿಲ್ಲ.

ಆದರೂ ನನ್ನ ಮಾತು ಪೂರ್ತಿ ಬಿಡಲಾರೆ. 1984ರ 'ಫೇಡ್ ಟು ಬ್ಲ್ಯಾಕ್' ಕೂಡ ಕತ್ತಲಲ್ಲಿ ಕೂತವನ ಹಾಡೇ. ಅಲ್ಲಿ ನೋವೂ ಇದೆ, ಕೆತ್ತನೆಯೂ ಇದೆ. ನೋವು ನಿಜವಾದಷ್ಟೂ ಹಾಡು ತಾನಾಗಿ ಚೆನ್ನಾಗಿ ಆಗುವುದಿಲ್ಲ. ಈ ಹಾಡುಗಳಿಗೆ ಕತ್ತರಿ ಬೇಕಿತ್ತು. ಕತ್ತರಿ ಆಡಿಸಿದ್ದರೆ ನಿಮಗೆ ಸಿಕ್ಕಿದ್ದು ನನಗೂ ಸಿಗುತ್ತಿತ್ತೇನೋ. ನಾನು 40ನೇ ನಿಮಿಷಕ್ಕೇ ಎದ್ದು ಹೋಗಿರುತ್ತೇನೆ.

ನಾಲ್ಕು ವರ್ಷ

ತಮ್ಮಾ, ನೀನು ಹೇಳುವುದು ನಿಜ. ಇದು ಒಳ್ಳೆಯ ಆಲ್ಬಮ್ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನಗೆ ಬೇಕಿತ್ತು, ಅಷ್ಟೇ.

ಹೊಸ ಕಿವಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ, ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ಆಲ್ಬಮ್ ಬಂದಾಗ ನಾನು ಹುಟ್ಟಿರಲೇ ಇಲ್ಲ. ಮೆಟಾಲಿಕಾ ಗೊತ್ತಾಗಿದ್ದು 2022ರಲ್ಲಿ, 'ಸ್ಟ್ರೇಂಜರ್ ಥಿಂಗ್ಸ್' ಸರಣಿಯಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಹಾಡು ಬಂದಮೇಲೆ. ಆಮೇಲೆ ಆ್ಯಪ್‌ನಲ್ಲಿ ಯಾವ ಆಲ್ಬಮ್ ಯಾವಾಗಿನದು ಅಂತ ನೋಡದೆ ಎಲ್ಲ ಹಾಡನ್ನೂ ಕಲಸಿ ಕೇಳಿದೆ.

ನನಗೆ 'ಸೇಂಟ್ ಆಂಗರ್' ಕೇಳಿ ಶಾಕ್ ಆಗಲಿಲ್ಲ. ಈಗಿನ ಹಾರ್ಡ್‌ಕೋರ್ ಬ್ಯಾಂಡ್‌ಗಳಲ್ಲಿ ಗುಂಯ್‌ಗುಡುವ ಸ್ನೇರ್ ಮಾಮೂಲು. ನಾವು ಅದನ್ನೇ ಕೇಳಿ ಬೆಳೆದವರು. ನನಗೆ ಕಷ್ಟವಾದದ್ದು 2008ರ 'ಡೆತ್ ಮ್ಯಾಗ್ನೆಟಿಕ್'. ಅದರಲ್ಲಿ ಸೋಲೋ ವಾಪಸ್ ಬಂತು, ಎಲ್ಲರೂ ಹೊಗಳುತ್ತಾರೆ. ಆದರೆ ಹೆಡ್‌ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ತಲೆನೋವು ಬರುತ್ತದೆ. ಸದ್ದು ಒಡೆದ ಹಾಗೆ ಕೇಳುತ್ತದೆ. ಇದು ನನಗೊಬ್ಬನಿಗೇನಾ?

ಪಣಂಬೂರು ಅಲೆ

ನಿನಗೊಬ್ಬನಿಗೇ ಅಲ್ಲಪ್ಪಾ. ಅದನ್ನು ಎಷ್ಟು ಜೋರು ಮಾಡಿದ್ದಾರೆ ಅಂದರೆ ಸದ್ದಿನ ಅಲೆಗಳ ತುದಿಯೇ ಕತ್ತರಿಸಿ ಹೋಗಿದೆ. ಅದೇ ಹಾಡುಗಳು 'ಗಿಟಾರ್ ಹೀರೋ' ಗೇಮ್‌ಗೆ ಬೇರೆ ಮಿಕ್ಸ್‌ನಲ್ಲಿ ಹೋಗಿದ್ದವು, ಅಲ್ಲಿ ಉಸಿರಾಡುತ್ತಿದ್ದವು. ಗೇಮಿನದ್ದೇ ಚೆನ್ನಾಗಿದೆ ಅಂತ ಅಭಿಮಾನಿಗಳು ಆಗಲೇ ಕಂಡುಹಿಡಿದಿದ್ದರು.

'ಸೇಂಟ್ ಆಂಗರ್' ವಿಷಯಕ್ಕೆ ಬಂದರೆ, 2019ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಜೊತೆ ಆಡಿದಾಗ 'ಆಲ್ ವಿದಿನ್ ಮೈ ಹ್ಯಾಂಡ್ಸ್' ಹಾಡಿದ್ದನ್ನು ಕೇಳಿ. ಆಲ್ಬಮ್ಮಿನಲ್ಲಿ ಅದು ಕೊನೆಯ ಹಾಡು, ಕೊನೆಗೆ ಬರೀ ಕಿರುಚಾಟ. ಇಲ್ಲಿ ಮೆಲ್ಲಗೆ ಹಾಡುತ್ತಾರೆ, ಹಿಂದೆ ವಯಲಿನ್‌ಗಳು. ಇಷ್ಟು ಒಳ್ಳೆಯ ರಾಗ ಅದರೊಳಗೆ ಮೊದಲಿಂದಲೂ ಇತ್ತಾ ಅಂತ ನಾನು ಎದ್ದು ಕೂತೆ. ಅವರ ಸಹಾಯ ನಿಧಿಗೂ ಇದೇ ಹಾಡಿನ ಹೆಸರಿಟ್ಟಿದ್ದಾರೆ. ಅಂದರೆ ಅವರಿಗೂ ಇದು ಬಿಟ್ಟುಹಾಕಿದ ಆಲ್ಬಮ್ ಅಲ್ಲ.

ನಾಲ್ಕು ವರ್ಷ

ಆ ಕಾರ್ಯಕ್ರಮ ಆದ ಅದೇ ತಿಂಗಳು ಜೇಮ್ಸ್ ಮತ್ತೆ ಚಿಕಿತ್ಸೆಗೆ ಹೋದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ನಿಂತಿತು. ಹದಿನೇಳು ವರ್ಷ ಆದಮೇಲೆ. ಇದನ್ನು ಗೊತ್ತಿಟ್ಟುಕೊಂಡು ಆ ಹಾಡು ಇನ್ನೊಮ್ಮೆ ಕೇಳಿ.

ಹಳೇ ವಾಕ್‌ಮನ್

ನೀವೆಲ್ಲ ಬರೆದದ್ದನ್ನು ಮೂರು ಸಲ ಓದಿದೆ. ಶನಿವಾರ ಅಟ್ಟದ ಮೇಲಿನ ರಟ್ಟಿನ ಡಬ್ಬ ಇಳಿಸಿದೆ. ಆಮೇಲೆ ಕೊಂಡ ಸಿ.ಡಿ. ಪ್ರತಿ ಅದರಲ್ಲಿತ್ತು, ಜೊತೆಗೆ ಬರುವ ಡಿವಿಡಿಯೂ ಇತ್ತು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ: ಆ ಡಿವಿಡಿಯಲ್ಲಿ ರಿಹರ್ಸಲ್ ಕೋಣೆಯಲ್ಲಿ ನಾಲ್ಕೂ ಜನ ಕೂಡಿ ಎಲ್ಲ ಹನ್ನೊಂದು ಹಾಡನ್ನೂ ಆಡುತ್ತಾರೆ. ಬೇಸ್‌ನಲ್ಲಿ ಬಾಬ್ ರಾಕ್ ಅಲ್ಲ, ಟ್ರುಹಿಯೊ. ಮೊಣಕಾಲು ಬಗ್ಗಿಸಿ, ಗಿಟಾರು ನೆಲಕ್ಕೆ ತಾಗುವಷ್ಟು ಕೆಳಗೆ ಇಳಿಬಿಟ್ಟು, ಬೆರಳಿನಲ್ಲೇ ನುಡಿಸುತ್ತಾರೆ. ಬ್ಯಾಂಡಿಗೆ ಬಂದು ಇನ್ನೂ ಕೆಲವೇ ತಿಂಗಳಾದ ಮನುಷ್ಯ. ನಾನು ಅವರನ್ನೇ ನೋಡುತ್ತಾ ಕೂತೆ. ಹಾಡು ಉದ್ದ ಅಂತ ಅನ್ನಿಸಲೇ ಇಲ್ಲ. ಕೋಣೆಯಲ್ಲಿ ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿಕೊಂಡು ಆಡುವುದು ಕಾಣುತ್ತದೆ. ಕ್ಯಾಸೆಟ್ಟಿನಲ್ಲಿ ನನಗೆ ಸಿಗದೇ ಇದ್ದದ್ದು ಅದು.

ಡಬಲ್ ಪೆಡಲ್, ನೀನು ಹೇಳಿದ ಮೇಲೆ ಸ್ನೇರ್ ಕಡೆಗೇ ಕಿವಿ ಇಟ್ಟು ಕೇಳಿದೆ. ನಿಧಾನದ ಜಾಗಗಳಲ್ಲಿ ನನಗೂ ಹಿಡಿಸಿತು. ಇಷ್ಟು ವರ್ಷದಲ್ಲಿ ಇದೇ ಮೊದಲು.

ಮಲೆನಾಡ್ ಮೆಟಲ್ ಹೇಳಿದ ಕತ್ತರಿಯನ್ನೂ ಹಿಡಿದೆ. ಹಾಡುಗಳನ್ನು ಮುರಿಯಲು ಮನಸ್ಸಾಗಲಿಲ್ಲ, ಆರಿಸಿದೆ. 'ಫ್ರ್ಯಾಂಟಿಕ್', 'ಸೇಂಟ್ ಆಂಗರ್', 'ಡರ್ಟಿ ವಿಂಡೋ', 'ಸ್ವೀಟ್ ಆ್ಯಂಬರ್', 'ದಿ ಅನ್‌ನೇಮ್ಡ್ ಫೀಲಿಂಗ್', 'ಆಲ್ ವಿದಿನ್ ಮೈ ಹ್ಯಾಂಡ್ಸ್'. ಕೂಡಿಸಿದರೆ ಸರಿಯಾಗಿ 40 ನಿಮಿಷ. ಭಾನುವಾರ ಬೆಳಿಗ್ಗೆ ಎದ್ದು ಹೋಗದೆ ಕೂತು ಕೇಳಿ ಮುಗಿಸಿದೆ.

ಆರನೇ ತಂತಿ

'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಬಿಟ್ಟಿದ್ದೀರಲ್ಲ ಸಾರ್! ಎಂಟೂವರೆ ನಿಮಿಷ ಜಾಸ್ತಿಯಾದರೆ 2004ರಲ್ಲಿ ಅದರ ಮೊಟಕು ಮಾಡಿದ ಆವೃತ್ತಿ ಬಂದಿದೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದ್ದಾರೆ. ರಿಫ್ ಮಾತ್ರ ಕೈಬಿಡಬೇಡಿ.

ಮಲೆನಾಡ್ ಮೆಟಲ್

40 ನಿಮಿಷ ಅಂದರೆ ನಾನೂ ಕೂರುತ್ತೇನೆ. ಇವತ್ತು ರಾತ್ರಿ ಅಡಿಕೆ ಸುಲಿಯುವ ಕೆಲಸ ಇದೆ, ಆಗ ಹಾಕುತ್ತೇನೆ. ಹಿಡಿಸದಿದ್ದರೆ ಇಲ್ಲೇ ಬಂದು ಹೇಳುತ್ತೇನೆ.

ನಾಲ್ಕು ವರ್ಷ

ವಾಕ್‌ಮನ್ ಅಣ್ಣಾ, ಒಂದು ಕೇಳಿಕೊಳ್ಳುತ್ತೇನೆ. 'ಇನ್‌ವಿಸಿಬಲ್ ಕಿಡ್' ಸೇರಿಸುತ್ತೀರಾ? ತನ್ನೊಳಗೇ ಅಡಗಿ ಕೂತ ಹುಡುಗನ ಹಾಡು. ಅಪ್ಪ ಮನೆ ಬಿಟ್ಟು ಹೋದಾಗ ಜೇಮ್ಸ್‌ಗೆ 13, ಅಮ್ಮ ಕ್ಯಾನ್ಸರಿನಿಂದ ಹೋದಾಗ 16. ಎಂಟೂವರೆ ನಿಮಿಷ ಇದೆ, ಉದ್ದ ಅಂತ ಗೊತ್ತು. ಕತ್ತರಿಸದೆ ಪೂರ್ತಿ ಹಾಕಿ.

ಹಳೇ ವಾಕ್‌ಮನ್

ಸೇರಿಸಿದೆ, ಪೂರ್ತಿಯಾಗಿ. 'ಡರ್ಟಿ ವಿಂಡೋ' ಆದಮೇಲೆ ಇಟ್ಟಿದ್ದೇನೆ. ಈಗ ನಲವತ್ತೆಂಟೂವರೆ ನಿಮಿಷ.